ಬಿಡುವ ಕೀಲು

ಹೊನ್ನಾವರದಲ್ಲಿ ಅಪ್ಪ ಮಚವೆ ಕಟ್ಟುತ್ತಿದ್ದ.
ಅವನದು ಒಂದೇ ಮಾತು: ಹಲಗೆಗೆ ಹಲಗೆ ಕೂಡಿದ ಮೇಲೆ
ನಡುವೆ ಉಗುರು ಹೊಗಬಾರದು.

ನಾನು ಮಜಗಾಂವಿನ ಶೆಡ್ಡಿನಲ್ಲಿ, ಯುದ್ಧದ ಮೂರನೆಯ ವರ್ಷ,
ಬಾಲ ಮಾಡುತ್ತಿದ್ದೆ.
ವಿಮಾನದ ಹೊಟ್ಟೆಯಿಂದ ಬೀಳುವ ಕಬ್ಬಿಣದ ಮೀನಿಗೆ
ಮರದ ಬಾಲ.
ಅದಿಲ್ಲದಿದ್ದರೆ ಮೀನು ಗಾಳಿಯಲ್ಲಿ ಲಾಗ ಹಾಕಿ
ಮಗ್ಗುಲಾಗಿ ಬಿದ್ದು ಒಡೆಯುತ್ತದಂತೆ.
ಇದ್ದರೆ, ನೀರೊಳಗೆ ಓಡಲಾರದಂತೆ.
"ಗಾಳಿಯಲ್ಲಿ ಬಿಡಕೂಡದು, ನೀರು ಮುಟ್ಟಿದರೆ ಹಿಡಿಯಕೂಡದು"
ಎಂದ ದೊರೆ, ದುಭಾಷಿಯ ಬಾಯಲ್ಲಿ.
ನನಗೆ ಮರಾಠಿ ಅರ್ಧ, ದುಭಾಷಿಗೆ ಮರಗೆಲಸ ಸೊನ್ನೆ.
ಆದರೂ ತಿಳಿಯಿತು.

ಬಿಡುವ ಕೀಲು. ಅಪ್ಪ ಕಲಿಸದೇ ಹೋದದ್ದು.
ಸಾಗವಾನಿ ಹಠಮಾರಿ, ಬಿಡಲೊಲ್ಲದು.
ಹಲಸು ಗಾಳಿಗೇ ಸಡಿಲ.
ಕೊನೆಗೆ ಬೂರುಗದ ಬೆಣೆ,
ಬೆಂಕಿಪೆಟ್ಟಿಗೆಗಷ್ಟೇ ಲಾಯಕ್ಕೆಂದು ಊರಲ್ಲಿ ನಗುವ ಮರ,
ನೀರು ಸೋಕಿದೊಡನೆ ಮುರಿದು
ಮರ್ಯಾದೆಯಿಂದ ದಾರಿ ಬಿಟ್ಟಿತು.

ಉರಣದ ಆಚೆ ಗುರಿಗೆ ಒಂದು ಮುದಿ ಬಾರ್ಜು.
ಮೀನಿನ ತಲೆಯಲ್ಲಿ ಮದ್ದಿಲ್ಲ, ಮರಳು.
ಹದಿನಾಲ್ಕು ಬಿದ್ದವು. ಒಂಬತ್ತು ಕೆಸರಿಗೆ ಮೂತಿ ಹುಗಿದವು.
ಒಂದು ಸುತ್ತಿ ಬಳಸಿ ನಮ್ಮ ದೋಣಿಯತ್ತಲೇ ಬಂತು;
ಅಂಬಿಗ ಅದರ ತಾಯಿಯನ್ನು ನೆನೆದ.
ಹದಿನೈದನೆಯದು
ಬಾರ್ಜಿನ ಹೊಟ್ಟೆಗೆ ಹೋಗಿ ಬಡಿಯಿತು, ಢಬ್,
ಖಾಲಿ ಕೊಳಗಕ್ಕೆ ಗುದ್ದಿದ ಹಾಗೆ.
ದೊರೆ ನನ್ನ ಕೈ ಕುಲುಕಿದ. ಕೈಗೆ ಸರೇಸು ಮೆತ್ತಿತ್ತು.
ಒರೆಸಿಕೊಳ್ಳಲು ಅವನಿಗೆ ಬಟ್ಟೆ ಹುಡುಕಿಕೊಟ್ಟೆ.

ಆ ತಿಂಗಳೇ ತಮ್ಮ ಹೊನ್ನುವಿನ ಕಂಪನಿಯಿಂದ ಕಾಗದ.
ಹಡಗಿನ ಹೆಸರು, ತಾರೀಖು, ಶತ್ರು ವಿಮಾನ.
ಬಾಯ್ಲರಿಗೆ ಕಲ್ಲಿದ್ದಲು ಎತ್ತುತ್ತಿದ್ದವನು ಅವನು,
ಎಲ್ಲರಿಗಿಂತ ಕೆಳಗಿನ ಅಂತಸ್ತು.
ಮೊದಲು ಅಳು ಬರಲಿಲ್ಲ.
ಬಂದದ್ದು ಒಂದು ಕೆಟ್ಟ ಕುತೂಹಲ:
ಅದರ ಬಾಲಕ್ಕೆ ಯಾವ ಮರ?
ಬೆಣೆ ಎಷ್ಟು ಅಂಗುಲ?
ಅಲ್ಲಿಯೂ ಒಬ್ಬ ಆಚಾರಿ, ಸೊಂಟದಲ್ಲಿ ಉಳಿ,
ಒಂದೊಂದೇ ಮರ ಸೋಲುವುದನ್ನು ನೋಡುತ್ತ
ಎಷ್ಟು ರಾತ್ರಿ ಕೂತಿದ್ದನೋ.

ತೇಲಿ ಬಂದ ಬಾಲಗಳನ್ನು ಧುರ್ಪದಾಬಾಯಿ ಆಯ್ದು
ಅಡ್ಡ ಬಿದಿರಿಟ್ಟು ಬೊಂಬಿಲ್ ಒಣಹಾಕುತ್ತಾಳೆ.
ಇವತ್ತು ಬೈಯುತ್ತಿದ್ದಳು:
"ಯಾವ ಮುಂಡೇಮಗ ಮಾಡಿದ್ದೋ ಇದನ್ನ,
ನಾಲ್ಕು ಮೀನಿನ ಭಾರಕ್ಕೆ ಕಳಚುತ್ತೆ."

ನಾನೆಂದು ಹೇಳಲಿಲ್ಲ.
ಸುತ್ತಿಗೆ ತಂದು, ಬೂರುಗ ಕಿತ್ತು, ಸಾಗವಾನಿ ಬಡಿದೆ.
ಅವಳು ಅಲ್ಲಾಡಿಸಿ ನೋಡಿದಳು.
ನಂಬಿಕೆಯಿಲ್ಲದೆ,
ಮತ್ತೊಮ್ಮೆ ಅಲ್ಲಾಡಿಸಿದಳು.