ಪುಟ ನಲವತ್ತಮೂರು

ನಂದೂರ ರೋಡಿನ ದಾಲ್ ಮಿಲ್ಲು, ರಾತ್ರಿ ಪಾಳಿ, ಕಾಂಟಾ ಖೋಲಿ.
ತೊಗರಿ ಲಾರಿ ಬಂದ್ರ ತೂಗೂದು,
ಬರದಿದ್ರ ಫೋನಿನಾಗ ಹುಡುಕೂದು
ರೊಕ್ಕ ಕೇಳದ ಪುಸ್ತಕ.

ಹನ್ನೆರಡಾಗೂದ್ರೊಳಗ ಡೇಟಾ ತೀರಸಬೇಕು.
ಸಿಕ್ತು ಒಂದು. ಓರೆಯಾಗಿ ತೆಗದ ಹಳೇ ಹಾಳಿ,
ಮೊದಲಿನ್ದಕ್ಕ ನೇರಳೆ ಠಸ್ಸೆ:
ಸಾರ್ವಜನಿಕ ವಾಚನಾಲಯ, ಚಿತ್ತಾಪುರ.
ನಮ್ಮೂರು!
ಆ ಜಾಗಾದಾಗ ಈಗ ಟೈರಿನ ಅಂಗಡಿ ಅದ.

ನಲವತ್ತಮೂರನೇ ಪುಟದಾಗ
ಅಕ್ಷರದ ಬಾಜೂಕ ಯಾರದೋ ಹೆಬ್ಬೆರಳು,
ಉಗುರಿನ ಮೆಹಂದಿ ಅರ್ಧ ಇಳದದ.
ಯಾರವ್ವಾ ನೀ?
ಎಷ್ಟ್ ಹಾಳಿ ಹಿಂಗ ಹಿಡದಿ, ನನ್ನಂಥವಗ?

ಹೊರಗ ಹಾರ್ನು. ಬೀದರ ಗಾಡಿ, ಹದಿನೆಂಟು ಟನ್.
ಚೀಟಿ ಹರದು ಕೊಟ್ಟು
ತಿರುಗಿ ಫೋನ್ ತೆಗದ್ರ
ಬೆರಳು ಅಲ್ಲೇ ಅದ,
ನಾ ಬಿಟ್ಟ ಸಾಲಿನ ಮಗ್ಗಲಕ
ಹಾಳಿ ಒತ್ತಿ ಹಿಡಕೊಂಡು.