ದುಭಾಷಿಯ ಭತ್ಯೆ

ದೇವರ ಮೇಲೆ ಆಣೆಯಿಟ್ಟು ಹೇಳಿದ್ದೇನೆ:
ಕೂಡಿಸುವುದಿಲ್ಲ, ಕಳೆಯುವುದಿಲ್ಲ,
ಅವಳ ಬಾಯಿಂದ ಬಂದದ್ದನ್ನು ನನ್ನ ಬಾಯಿಂದ ದಾಟಿಸುತ್ತೇನೆ.
ಮೂವತ್ತೊಂದು ವರ್ಷ ತಾಂಡಾದ ಶಾಲೆಯಲ್ಲಿ
ಕೂಡಿಸುವುದು ಕಳೆಯುವುದು ಬಿಟ್ಟು
ಬೇರೇನು ಕಲಿಸಿದ್ದೆ?

ಕಲಬುರಗಿ ಸೆಷನ್ಸ್ ಕೋರ್ಟು. ಏಪ್ರಿಲ್.
ಫ್ಯಾನು ಇದ್ದ ಬಿಸಿಯನ್ನೇ ಎಲ್ಲರಿಗೂ ಹಂಚುತ್ತಿದೆ.
ಕಟಕಟೆಯಲ್ಲಿ ಜಮಲಿಬಾಯಿ, ಬರಿಗಾಲು,
ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡುತ್ತಾಳೆ.
ಶಹಾಬಾದ್ ಕಲ್ಲು.
ಯಾವ ಖಣಿಯದು, ಎಷ್ಟು ಇಂಚಿನದು
ಅವಳ ಕಾಲಿಗೆ ಗೊತ್ತು. ಫೈಲಿನಲ್ಲಿ ಅದಿಲ್ಲ.

ಫೈಲಿನಲ್ಲಿ ಇರುವುದು ಇಷ್ಟು:
ಮುಕಾದಮ ಖಣಿಯಲ್ಲಿ ಸತ್ತುಬಿದ್ದ ಸಂಜೆ
ಗುಡುಸಾಬನ ಚಾದಂಗಡಿ ಮುಂದೆ ಕುಸಿದು ಕೂತು
'ಮಾರಿ, ಮಾರಿ' ಅಂದಳು.
ಗುಡುಸಾಬ ಕೇಳಿದ್ದಾನೆ, ತನ್ನ ಎರಡೂ ಕಿವಿಯಿಂದ.
ಅವನ ಮನೆಮಾತಿನಲ್ಲಿ
ಹೆಂಗಸು 'ಮಾರಿ' ಅಂದರೆ 'ಹೊಡೆದೆ'.
ಫೌಜದಾರ ಅದನ್ನು ಕನ್ನಡಕ್ಕೆ ತಂದ:
'ಸದರಿ ಆರೋಪಿತಳು ತಾನೇ ಹೊಡೆದು ಕೊಂದಿರುವುದಾಗಿ
ಸ್ವಖುಷಿಯಿಂದ ಒಪ್ಪಿಕೊಂಡಿರುತ್ತಾಳೆ.'

ಸ್ವಖುಷಿ! ಆ ಶಬ್ದ ಯಾರ ಬಾಯಿಂದ ಬಂತು?

ಸರಕಾರ ಕೊಟ್ಟ ವಕೀಲೆ ನೀಲಾಂಬಿಕಾ,
ಕರಿ ಕೋಟಿನ ತೋಳು ಇನ್ನೂ ಉದ್ದ, ಎದ್ದು ನಿಂತಳು:
"ಸ್ವಾಮಿ, ಹದಿನಾಲ್ಕು ತಿಂಗಳಾತು ಜೈಲಿನಾಗ ಅದಾಳ.
ತನ್ನ ಮ್ಯಾಲಿನ ಆರೋಪ ಏನಂತ
ಆಕಿ ಮಾತಿನಾಗ ಒಬ್ಬರೂ ಆಕಿಗಿ ಹೇಳಿಲ್ಲ.
ಹೇಳಬೇಕಂತ ನೂರಾರು ದೇಶ ಕೂಡಿ ರುಜು ಹಾಕ್ಯಾವ,
ನಮ್ಮ ರುಜೂನೂ ಅದರಾಗ ಅದ."
ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು.
"ದುಭಾಷಿ ಎಲ್ಲಿ?"

ಆ ಸಂಜೆ ಏನಂದಿ, ತಂಗಿ? ಅವಳ ಮಾತಿನಲ್ಲಿ ಕೇಳಿದೆ.
ನನ್ನನ್ನೇ ನೋಡಿದಳು,
ಹೊರಗಿನಿಂದ ಯಾರೋ ಚಿಲಕ ಅಲುಗಿಸಿದ ಹಾಗೆ.
"ಮಾರಿ ಯಾಡಿ," ಅಂದಳು.

ಸ್ವಾಮಿ, ಯಾಡಿ ಅಂದರೆ ಅವ್ವ.
ಮಾರಿ ಅಂದರೆ ನನ್ನ.
ನನ್ನವ್ವಾ. ಅಷ್ಟೇ.
ಕಾಲ ಮೇಲೆ ಕಲ್ಲು ಬಿದ್ದರೂ ನಮ್ಮವರು ಅದನ್ನೇ ಅನ್ನುತ್ತಾರೆ,
ಹೆರಿಗೆಯ ನೋವಿಗೂ, ಹೆಣ ಕಂಡರೂ.

ಬೆರಳಚ್ಚಿನ ಹುಡುಗಿ ಕೈ ತಡೆದು ಕೇಳಿದಳು,
"ಮಾರಿ ಅಂದರ ಮುಖ ಅಲ್ಲೇನ್ರಿ?"
ಯಾರೋ ಹಿಂದೆ ನಕ್ಕರು.
ಗುಡುಸಾಬ ನಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.
"ನಾ ಸುಳ್ಳ ಹೇಳಿಲ್ರಿ. ಕೇಳಿದ್ದೇ ಹೇಳೀನಿ."
ನಿಜ.
ಒಂದೂ ಸುಳ್ಳು ಹೇಳದ ಸಾಕ್ಷಿಯ ಕೈ ಹಿಡಿದೇ
ಒಬ್ಬಳನ್ನು ನೇಣಿನವರೆಗೆ ನಡೆಸಿಕೊಂಡು ಹೋಗಬಹುದು.

ಅವಳು ಹೊಡೆದಳೋ ಇಲ್ಲವೋ ನನಗೆ ಗೊತ್ತಿಲ್ಲ.
ನನ್ನನ್ನು ಯಾರೂ ಅದನ್ನು ಕೇಳಲಿಲ್ಲ, ಕೇಳಲೂಬಾರದು.
ನನಗೆ ಗೊತ್ತಿರುವುದು ಬೇರೆ:
ಹಿಂದೊಮ್ಮೆ ಚಿತ್ತಾಪುರದಲ್ಲಿ, ಸಂಜೆ ಐದಕ್ಕೆ,
ಥಾವರು ಎಂಬ ಮುದುಕನ ಉದ್ದನೆಯ ಉತ್ತರವನ್ನು
'ಹೌದು' ಎಂದಷ್ಟೇ ದಾಟಿಸಿದ್ದೆ.
ಅವನು ಇನ್ನೂ ಕೈ ಆಡಿಸಿ ಹೇಳುತ್ತಲೇ ಇದ್ದ.
ನನಗೆ ಕೊನೆಯ ಬಸ್ಸಿತ್ತು.

ಬಸ್ಸು ಸಿಕ್ಕಿತು.

ಜಮಲಿಬಾಯಿಯ ತೀರ್ಪು ಬಂದಿಲ್ಲ, ಜೂನ್ ಒಂಬತ್ತಕ್ಕೆ ಮುದ್ದತ್ತು.
ಗುಮಾಸ್ತ ಭತ್ಯೆಯ ರಸೀದಿ ಮುಂದೆ ನೂಕಿದ,
ನೂರಾ ಎಂಬತ್ತು ರೂಪಾಯಿ, ಟಿಕೀಟಿನ ಮೇಲೆ ಸಹಿ.
"ಎಷ್ಟು ಶಬ್ದ ಮಾಡಿದ್ರಿ ಮಾಸ್ತರ, ಇವತ್ತು?"
ಎರಡು, ಅಂದೆ.