ಚಿನ್ನದ ನೊಣ

ಸಾಗರದ ತಾಲ್ಲೂಕು ಕಚೇರಿ ಎದುರು
ನನ್ನ ಟೈಪ್‌ರೈಟರಿನ ಪಕ್ಕದ ಸ್ಟೂಲಿನಲ್ಲಿ ಕೂತು
ಹವಾಲ್ದಾರ್ ಗಾಮಪ್ಪ ಹೇಳಿದರು: ಬರಿ.
ನೀಲಿ ಟೋಪಿ ಹಾಕಿ ಈಜಿಪ್ಟಿನ ಮರಳು ಕಾಯ್ದವನು ನಾನು.

ಬರೆದೆ.

ಇದನ್ನ ಬರೀಬೇಡ, ಸುಮ್ನೆ ಕೇಳು:
ರಜೆಯಲ್ಲಿ ಒಂದು ಗೋರಿ ತೋರಿಸಿದರು.
ಗೋಡೆ ತುಂಬ ಒಬ್ಬ ಸಿಪಾಯಿಯ ನೌಕರಿ.
ತಲೆ ಬೋಳಿಸಿ ಭರ್ತಿ, ಹೆಗಲಿಗೆ ಬಿಲ್ಲು,
ದಿನಕ್ಕಿಷ್ಟು ರೊಟ್ಟಿ, ಇಷ್ಟು ಬಾರ್ಲಿ ಹೆಂಡ.
ಕೊಂದದ್ದಕ್ಕೆ ಸಾಕ್ಷಿ ಬೇಕಲ್ಲ,
ಬಲಗೈ ಕಡಿದು ತರಬೇಕು.
ರಾಶಿಯ ಪಕ್ಕ ಗುಮಾಸ್ತ, ಕಾಲು ಮಡಿಸಿ,
ಒಂದೊಂದೇ ಎಣಿಸುತ್ತ.
ಥೇಟ್ ನಿನ್ನ ಹಾಗೇ ಇದ್ದ ಮಾರಾಯ.

ಕೊನೆಗೆ ಕೊರಳಿಗೆ ಚಿನ್ನದ ನೊಣ.
ನೊಣ! ಅಟ್ಟಿದಷ್ಟೂ ಮತ್ತೆ ಬರುತ್ತದಲ್ಲ, ಅದಕ್ಕೆ.
ನಮ್ಮ ಕಡೆಯ ಅರಸರಾಗಿದ್ದರೆ
ಚಿನ್ನದ ಉಂಬಳ ಕೊಡುತ್ತಿದ್ದರೇನೋ. ನಕ್ಕರು,
ಕೆಮ್ಮಿದರು, ಕಾಗದ ಬಿಚ್ಚಿದರು.

ಮಾಜಿ ಸೈನಿಕರ ಕೋಟಾ, ಎರಡು ಎಕರೆ ನಾಲ್ಕು ಗುಂಟೆ.
ನಕ್ಷೆಯಲ್ಲಿ ಗದ್ದೆ. ಸ್ಥಳದಲ್ಲಿ ಶರಾವತಿ ಹಿನ್ನೀರು.
ಮೇ ತಿಂಗಳಲ್ಲಿ ಹದಿನೆಂಟು ದಿನ ಮೇಲೇಳುತ್ತದೆ,
ಹೋಗಿ ನಿಂತು ಬರುತ್ತೇನೆ.
ಅವನಿಗೂ ಹೊಳೆದಂಡೆಯಲ್ಲೇ ಭೂಮಿ ಕೊಟ್ಟನಂತೆ ಅರಸ.
ನೈಲ್ ಕೂಡ ಮುಳುಗಿಸುತ್ತಿತ್ತು,
ಆದರೆ ಬಿತ್ತುವ ಹೊತ್ತಿಗೆ ವಾಪಸು ಕೊಡುತ್ತಿತ್ತು.
ಇದನ್ನ ಬರಿ.

ಇದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ ಎಂದೆ.

ಹನ್ನೊಂದನೆಯ ಅರ್ಜಿ.
ಹೋದ ವರ್ಷದ್ದನ್ನೇ ತಾರೀಖು ಬದಲಿಸಿ ಬಡಿದೆ.
ಸಹಿ ಮಾಡಿ, ಪೆನ್ನು ಮುಚ್ಚಿಟ್ಟು,
ಬಲಗೈಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಕೂತರು,
ಬೆರಳು ಸ್ವಲ್ಪ ಮಡಿಸಿಕೊಂಡು.
ಸಾಹೇಬರು ಊಟಕ್ಕೆ ಹೋಗಿದ್ದರು.
ನಾನು ರಿಬ್ಬನ್ ಸರಿಮಾಡುವವನ ಹಾಗೆ
ತಲೆ ಬಗ್ಗಿಸಿದೆ.